ಜ್ವಾಲಿನಿಗೆ ಯಾರೂ ಪಾಪ ಅನ್ನಲಿಲ್ಲ

8 ಜೂನ್ 2003, ಭಾನುವಾರ

ಬಟ್ಟೆ ಒಗೆದಾಯಿತು. ಅನ್ನಕ್ಕೆ ಇಟ್ಟಾಯಿತು. ಲೈಬ್ರರಿಯಿಂದ ತಂದ 'ಗರಗಸ' ಕಾಮಿಕ್ಸ್ ಓದಿ ಮುಗಿಸಿದೆ. ತಲೆ ಕೆಟ್ಟಿದೆ.

ಚಕ್ರಪಾಣಿ ಸಾರ್ ಅವರ ಸರ್ಕ್ಯುಲೇಟಿಂಗ್ ಲೈಬ್ರರಿಯ ಪುಸ್ತಕ ಅಂದರೆ ಹೀಗೇ. ಓದಿದವರೆಲ್ಲ ಅಂಚಿನಲ್ಲಿ ಏನಾದರೂ ಗೀಚಿಯೇ ವಾಪಸ್ ಕೊಡುತ್ತಾರೆ. 'ಸೂಪರ್.' 'ಬೋರು.' 'ಕೊಲೆ ಮಾಡಿದ್ದು ಡ್ರೈವರ್, ಓದಬೇಡಿ.' ಪುಸ್ತಕದಲ್ಲಿ ಬರೆಯಬಾರದು ಅಂತ ಬೋರ್ಡ್ ಹಾಕಿದ್ದಾರೆ. ಆ ಬೋರ್ಡಿನ ಮೇಲೂ ಯಾರೋ ಬರೆದಿದ್ದಾರೆ.

ಗರಗಸ ಹೀರೋ. ಚಿಕ್ಕವನಿದ್ದಾಗ ಸೋದರಮಾವ ಬೆಲ್ಟಿನಲ್ಲಿ ಬಾರಿಸುತ್ತಿದ್ದ. ಪ್ರತಿ ಸಂಚಿಕೆಯಲ್ಲೂ ಒಂದು ಸಲವಾದರೂ ಆ ಬೆನ್ನಿನ ಬಾಸುಂಡೆ ತೋರಿಸುತ್ತಾರೆ. ಈ ಸಲವೂ ಇದೆ. ಪಕ್ಕದಲ್ಲಿ ಬೇರೆ ಬೇರೆ ಕೈಬರಹ— 'ಪಾಪ', 'ಅಯ್ಯೋ ಪಾಪ', 'ಅಳು ಬಂತು ಗುರು'. ನಾನೂ ಅತ್ತಿದ್ದೇನೆ, ಸುಳ್ಳು ಯಾಕೆ.

ಸ್ವಲ್ಪ ಪುಟ ದಾಟಿದರೆ ಜ್ವಾಲಿನಿ. ಡಾಕ್ಟರ್ ಗಂಡ ಅವಳ ಅಂಗೈಯನ್ನು ಉರಿಯುವ ಸ್ಟೋವಿಗೆ ಒತ್ತುತ್ತಾನೆ. ಸುಟ್ಟ ಆ ಅಂಗೈಯಿಂದಲೇ ಅವಳಿಗೆ ಬೆಂಕಿಯ ಶಕ್ತಿ ಬಂದದ್ದು. ಅಂಚಿನಲ್ಲಿ ನೀಲಿ ಇಂಕು— 'ಬಾಯಿ ಜಾಸ್ತಿ ಇವಳಿಗೆ. ಇನ್ನೊಂದು ಬಿಡು ಗುರು.' ಕೆಳಗೆ ಇನ್ನೊಬ್ಬ— 'ಹಹಹ'.

ಪೆನ್ನು ತೆಗೆದು ಅದರ ಕೆಳಗೇ ಬರೆದೆ. 'ಮೊದಲು ನಿನ್ನ ಕೈ ಇಡು ಸ್ಟೋವಿನ ಮೇಲೆ. ಆಮೇಲೆ ನಗು.'

ಅನ್ನ ತಳ ಹಿಡಿಯಿತು. ಹಿಡಿಯಲಿ.

15 ಜೂನ್, ಭಾನುವಾರ

ಲೈಬ್ರರಿ ಮೆಟ್ಟಿಲ ಮೇಲೆ ನಮ್ಮ ಕಾಮಿಕ್ಸ್ ಓದುಗರ ಬಳಗದ ಸಭೆ. ಸಭೆ ಅಂದರೆ ಟೀ, ಬನ್ನು, ಗಲಾಟೆ. ನನ್ನನ್ನು ಕರೆದುಕೊಂಡು ಹೋಗಿ ಸೇರಿಸಿದ್ದೇ ರೇವಂತ್. ನಮ್ಮ ಓನರ್ ಬೈರಮ್ಮನವರ ಮೊಮ್ಮಗ, ಇಂಜಿನಿಯರಿಂಗ್ ಓದುತ್ತಿದ್ದಾನೆ. ಒಳ್ಳೆಯ ಹುಡುಗ. ಗ್ಯಾಸ್ ಸಿಲಿಂಡರ್ ಮೇಲಕ್ಕೆ ಹೊತ್ತು ಕೊಡುತ್ತಾನೆ. ಆದರೆ ಇವತ್ತು ನನಗೂ ಅವನಿಗೂ ಜಟಾಪಟಿ.

"ಗರಗಸ ಅವ್ರ ಮಾವನ ಕೈ ಕಡ್ದಿದ್ದು ಬೇರೆ ಅಕ್ಕ. ಪಾಪ, ಎಷ್ಟು ಅನುಭವ್ಸಿದಾನೆ! ಇವ್ಳು ಗಂಡನ ಕ್ಲಿನಿಕ್ಕಿಗೇ ಬೆಂಕಿ ಇಟ್ಳು. ಸೈಕೋ."

"ಅವಗ ಬಿದ್ದದ್ದು ಏಟು, ಇಕಿಗೆ ಬಿದ್ದದ್ದು ಹೂವೇನಪಾ?"

"ಅವ್ನು ಚಿಕ್ ಹುಡ್ಗ ಅಕ್ಕ, ಏನ್ ಮಾಡಕ್ಕಾಗತ್ತೆ? ಇವ್ಳು ದೊಡ್ಡೋಳಲ್ವಾ, ಬಿಟ್ಟು ಹೋಗ್ಬೋದಿತ್ತಲ್ಲ."

"ಹಿಂದಿನ ಸಂಚಿಕ್ಯಾಗ ಬಿಟ್ಟು ಹೋದಾಗ ಏನಂದಿ? ಮನಿ ಮುರದ್ಲು ಅಂದಿ. ಇದ್ರ ಯಾಕಿದ್ಲು, ಹೋದ್ರ ಯಾಕ್ ಹೋದ್ಲು. ಆಕಿ ನಿಂದ್ರೂದರ ಎಲ್ಲಿ?"

"ಡಾಕ್ಟ್ರಿಗೂ ಟೆನ್ಶನ್ ಇತ್ತು ಅಂತ ತೋರ್ಸಿದಾರಲ್ಲ ಅಕ್ಕ..."

ಟೆನ್ಶನ್ ಅಂತೆ! ಹುಡುಗರಷ್ಟೇ ಆಗಿದ್ದರೆ ಬಿಡು ಅನ್ನಬಹುದಿತ್ತು. ಬಳಗದಲ್ಲಿ ನನ್ನನ್ನು ಬಿಟ್ಟರೆ ಇರುವ ಒಬ್ಬಳೇ ಹುಡುಗಿ ಶ್ವೇತ, ಅವಳೂ ಹೇಳಿದಳು: "ನಂಗೂ ಜ್ವಾಲಿನಿ ಇಷ್ಟ ಆಗಲ್ಲ. ಯಾವಾಗ್ಲೂ ಗೋಳು." ಅದು ಹೆಚ್ಚು ಚುಚ್ಚಿತು.

ಚಕ್ರಪಾಣಿ ಸಾರ್ ಕನ್ನಡಕ ಒರೆಸಿಕೊಂಡರು. "ಕಾಮಿಕ್ಸ್ ಅಮ್ಮ ಇದು, ಕೋರ್ಟಲ್ಲ. ಟೀ ಆರೋಗತ್ತೆ, ಕುಡೀರಿ."

ಇವರಿಗೆ ಯಾರಿಗೂ ಗೊತ್ತಿಲ್ಲ, ನಾನು ಗಂಡ ಗುರುಸಿದ್ದನನ್ನು ಬಿಟ್ಟು ರಾತ್ರಿ ಬಸ್ಸು ಹತ್ತಿ ಬಂದವಳು ಅಂತ. ಗಂಡನಿಗೆ ಹೊಸಪೇಟೆಯಲ್ಲಿ ಕೆಲಸ ಅಂತ ಹೇಳಿಯೇ ಬೈರಮ್ಮನವರ ಹತ್ತಿರ ಮನೆ ಹಿಡಿದದ್ದು. ಒಂಟಿ ಹೆಂಗಸಿಗೆ ಯಾರು ಕೊಡುತ್ತಾರೆ ಮನೆ? ಅವನಿಗೆ ಈ ವಿಳಾಸ ಸಿಕ್ಕಿದರೆ ಕೊರಿಯರ್ ಆಫೀಸಿನ ಕೆಲಸ, ಈ ರೂಮು, ಈ ಭಾನುವಾರ, ಎಲ್ಲ ಹೋದ ಹಾಗೆಯೇ.

16 ಜೂನ್

ಆಫೀಸಿನಲ್ಲಿ ಕೆಲಸವಿರಲಿಲ್ಲ. 'ಗರಗಸ'ದ ಓದುಗರ ಪುಟಕ್ಕೆ ಪತ್ರ ಬರೆದೆ. ಗರಗಸನ ಬೆನ್ನಿಗೆ ಅಳುವವರು ಜ್ವಾಲಿನಿಯ ಅಂಗೈಗೆ ಯಾಕೆ ನಗುತ್ತೀರಿ, ಗಂಡಸಿನ ಗಾಯಕ್ಕೆ ಕಥೆ, ಹೆಂಗಸಿನ ಗಾಯಕ್ಕೆ ವಿಚಾರಣೆಯೇ, ಅಂತ. ಓದಿ ನೋಡಿದೆ. ಖಾರವಾಗಿದೆ. ಇರಲಿ. ಕೆಳಗೆ ಎಲ್ಲರೂ ಹಾಕುವ ಹಾಗೆ ಹೆಸರು ಹಾಕಿದೆ: ವಿಜಯಲಕ್ಷ್ಮಿ, ಚಕ್ರಪಾಣಿ ಲೈಬ್ರರಿ ಬಳಗ, ಬಿ.ಟಿ.ಎಂ. ಲೇಔಟ್. ಬಳಗದ ಹೆಸರು ಅಚ್ಚಾದರೆ ಆ ತಿಂಗಳು ನಮಗೆಲ್ಲ ಹಬ್ಬ.

2 ಆಗಸ್ಟ್, ಶನಿವಾರ

ಬಂದಿದೆ! ಪೂರ್ತಿ ಪತ್ರ, ಬಾಕ್ಸ್ ಕಟ್ಟಿ ಹಾಕಿದ್ದಾರೆ. ಚಕ್ರಪಾಣಿ ಸಾರ್ ಆ ಪುಟವನ್ನು ಬಾಗಿಲಿಗೇ ಅಂಟಿಸಿದ್ದಾರೆ. ರೇವಂತ್ ಕೂಡ, "ಒಪ್ಪಲ್ಲ ಅಕ್ಕ, ಆದ್ರೆ ಸಖತ್ತಾಗ್ ಬರ್ದಿದೀರ" ಅಂದ.

ಮನೆಗೆ ಬಂದು ಇನ್ನೊಮ್ಮೆ ಓದಿದೆ. ಕೊನೆಯ ಸಾಲಿನಲ್ಲಿ ಕಣ್ಣು ನಿಂತಿತು. ಹೆಸರು, ಲೈಬ್ರರಿ, ಏರಿಯಾ. ಎಂಥ ಬುದ್ಧಿಗೇಡಿ ನಾನು...

ಅವನು ಕಾಮಿಕ್ಸ್ ಓದುವವನಲ್ಲ. 'ಮದುವಿ ಆದಾಕಿ ಚಿತ್ರದ ಪುಸ್ತಕ ಓದ್ತಾಳ' ಅಂತ ನನ್ನ ಪುಸ್ತಕಗಳನ್ನೆಲ್ಲ ನೀರು ಕಾಸುವ ಒಲೆಗೆ ಹಾಕಿದವನು. ಓದುವುದಿಲ್ಲ. ಓದುವುದಿಲ್ಲ.

14 ಆಗಸ್ಟ್, ಗುರುವಾರ

ಓದಿದ್ದಾನೆ. ದುಡ್ಡು ಕೊಟ್ಟು ಕೊಂಡು, ತಿಂಗಳು ತಿಂಗಳು ಓದುತ್ತಿದ್ದನಂತೆ. ಈ ಮುಂಗೋಪಿ ಹೆಂಡತಿ ಎಂದಾದರೂ ಒಂದು ದಿನ ಪತ್ರ ಬರೆದೇ ಬರೆಯುತ್ತಾಳೆ ಅಂತ ಅವನಿಗೆ ಗೊತ್ತಿತ್ತು.

ರೇವಂತ್ ಮೆಟ್ಟಿಲು ಹತ್ತಿ ಬಂದು ಹೇಳಿದ. ಮುಖದಲ್ಲಿ ಪುಣ್ಯ ಕಟ್ಟಿಕೊಂಡವನ ಕಳೆ.

"ಅಕ್ಕ, ಗುರುಸಿದ್ದಣ್ಣ ಬಂದಿದ್ರು ಲೈಬ್ರರಿಗೆ. ಎಷ್ಟ್ ಅತ್ರು ಗೊತ್ತಾ? ಪಾಪ, ನೋಡಕ್ಕಾಗ್ಲಿಲ್ಲ. ಮನೆ ಅಡ್ರೆಸ್ ಕೊಟ್ಟಿದೀನಿ. ಭಾನುವಾರ ಎಲ್ರೂ ಕೂತ್ಕೊಂಡ್ ಮಾತಾಡೋಣ ಅಂದ್ರು ಚಕ್ರಪಾಣಿ ಸಾರ್."

"ನನ್ನ ಕೇಳಿದ್ಯಾ?"

"ಏನನ್ನ ಅಕ್ಕ?"

ಬಾಗಿಲು ಹಾಕಿಕೊಂಡೆ. ಮಂಚದ ಕೆಳಗಿಂದ ಸೂಟ್‌ಕೇಸು ಎಳೆದೆ. ಇದೇ ಊರಿನ ಶ್ರೀನಗರದಲ್ಲಿ ಆಫೀಸಿನ ಗೆಳತಿ ಇದ್ದಾಳೆ, ಒಂದು ವಾರ ಇಟ್ಟುಕೊಂಡಾಳು. ಆಮೇಲೆ? ಆಮೇಲೆ ಇನ್ನೊಂದು ಏರಿಯಾ, ಇನ್ನೊಂದು ಸುಳ್ಳು. ಎರಡು ಸೀರೆ ಇಟ್ಟವಳು ತೆಗೆದು ಮತ್ತೆ ಗೂಟಕ್ಕೆ ಹಾಕಿದೆ. ಸೂಟ್‌ಕೇಸನ್ನು ಕಾಲಲ್ಲೇ ಒಳಕ್ಕೆ ತಳ್ಳಿದೆ. ಒಂದು ಸಲ ಓಡಿದ್ದಾಯಿತು. ಈ ಸಲ ಬೇಕಾದರೆ ಅವನೇ ಓಡಲಿ.

17 ಆಗಸ್ಟ್, ಭಾನುವಾರ

ಹೋದೆ. ಕೆಂಪು ಸೀರೆ ಉಟ್ಟುಕೊಂಡೇ ಹೋದೆ.

ಚಕ್ರಪಾಣಿ ಸಾರ್ ತಮ್ಮ ಕುರ್ಚಿಯನ್ನೇ ಅವನಿಗೆ ಬಿಟ್ಟುಕೊಟ್ಟಿದ್ದರು. ಬಿಳಿ ಅಂಗಿ, ಹಣೆ ತುಂಬ ವಿಭೂತಿ, ಕೈಯಲ್ಲಿ ಕರವಸ್ತ್ರ. ಸೊರಗಿದ್ದಾನೆ. ಬನ್ನು, ಟೀ ಎಲ್ಲ ಆಗಿತ್ತು. ನನ್ನನ್ನು ಕಂಡ ಕೂಡಲೇ ಕಣ್ಣಲ್ಲಿ ನೀರು.

"ತಪ್ಪಾತು ಲಕ್ಷ್ಮೀ. ಮನಿಗೆ ನಡಿ."

ಹುಡುಗರ ಮುಖ ಕರಗಿಹೋಯಿತು. ಚಕ್ರಪಾಣಿ ಸಾರ್ ಗಂಟಲು ಸರಿಮಾಡಿಕೊಂಡು, "ನೋಡಮ್ಮ, ಒಬ್ಬ ಗಂಡಸು ಇಷ್ಟು ಜನದ ಮುಂದೆ ಅಳ್ತಾನೆ ಅಂದ್ರೆ ಸುಮ್ನೆ ಅಲ್ಲ" ಅಂದರು. ರೇವಂತ್, "ಅಕ್ಕ, ಚಿಕ್ಕವರಿದ್ದಾಗ ಅಣ್ಣಂಗೆ ಅವರಪ್ಪ ತುಂಬಾ ಹೊಡೀತಿದ್ರಂತೆ..." ಅಂದ.

ಅಯ್ಯೋ ಶಿವನೇ! ಇವರಿಗೆ ಒಬ್ಬ ಗರಗಸ ಸಿಕ್ಕಿಬಿಟ್ಟಿದ್ದ. ಜೀವಂತ ಗರಗಸ.

"ಹೊಡದದ್ದು ಖರೆ" ಅಂದೆ. "ನಂಗೂ ಪಾಪ ಅನಿಸ್ತಿತ್ತು. ಅದಕ್ಕ ಅಷ್ಟು ವರ್ಷ ಬಾಯಿ ಮುಚಗೊಂಡ ಇದ್ದೆ."

ಆಮೇಲೆ ರೇವಂತನೇ, ಮೆಲ್ಲಗೆ: "ಆದ್ರೂ ಅಕ್ಕ... ನಿಜವಾಗ್ಲೂ ಅಷ್ಟೊಂದು...?"

ಸಿಟ್ಟು ನೆತ್ತಿಗೇರಿತು. "ತೋರಸ್ಲೇನು? ಪುಟ ತಿರುವಿದಂಗ ತಿರುಗಿ ನಿಂತು ತೋರಸ್ಲೇನು? ತೋರ್ಸಂಗಿಲ್ಲ. ಗರಗಸನ ಬೆನ್ನು ತೋರ್ಸಾಕ ಆರ್ಟಿಸ್ಟ್ ಇದ್ದಾನ. ನನ್ನ ಬೆನ್ನಿಗೆ ಯಾರೂ ಇಲ್ಲ, ನನ್ನ ಮಾತೊಂದ ಅದ. ನಂಬಿದ್ರ ನಂಬ್ರಿ, ಬಿಟ್ರ ಬಿಡ್ರಿ. ನಾ ಅಂತೂ ಹೋಗಂಗಿಲ್ಲ."

ಗುರುಸಿದ್ದ ಕರವಸ್ತ್ರ ಮಡಚಿ ಜೇಬಿಗಿಟ್ಟ. ಕಣ್ಣು ಒಣಗಿತ್ತು. ತಗ್ಗಿದ ದನಿ, ಮನೆಯೊಳಗಿನ ಆ ದನಿ.

"ಬಾಯಿ ಭಾಳ ಆಗೇದ ನಿಂದು. ಏಟು ಕಡಿಮಿ ಬಿದ್ದಾವ."

ರೇವಂತ್ ಬೆಚ್ಚಿ ಅವನ ಮುಖ ನೋಡಿದ. ಆಮೇಲೆ ನನ್ನ ಮುಖ. ಕಿವಿಯವರೆಗೂ ಕೆಂಪಾದ. 'ಬಾಯಿ ಜಾಸ್ತಿ ಇವಳಿಗೆ' ಅಂತ ಬರೆದಿದ್ದ ಆ ನೀಲಿ ಇಂಕು ಇವನದೇ ಅಂತ ನನಗೆ ಆಗ ಗೊತ್ತಾಯಿತು. ಅವನು ತಲೆ ತಗ್ಗಿಸಿ ಕೂತ. ನಾನು ಸಮಾಧಾನ ಹೇಳಲಿಲ್ಲ. ಎದ್ದು ಬಂದೆ.

ಶ್ವೇತ ಬಸ್‌ಸ್ಟಾಪಿನವರೆಗೂ ಜೊತೆಗೆ ನಡೆದಳು. ನನ್ನ ಕೈ ಬಿಡಲೇ ಇಲ್ಲ.

ಸಂಜೆ

ರೇವಂತ್ ಅಜ್ಜಿಗೆ ಎಲ್ಲ ಹೇಳಿದ್ದಾನೆ. ಕೆಳಗಿನಿಂದ ಬೈಗುಳ ಕೇಳಿತು: "ನನ್ ಮನೆ ಅಡ್ರೆಸ್ ಕೊಡಾಕೆ ನೀನ್ಯಾವನ್ಲಾ!" ನಾನು ಇಳಿದಾಗ ಬೈರಮ್ಮ ಜಗಲಿಯಲ್ಲಿ ರಾಗಿ ಕೇರುತ್ತಿದ್ದರು. ಈ ಬೀದಿಯೆಲ್ಲ ಅವರ ರಾಗಿ ಹೊಲವಾಗಿತ್ತಂತೆ. ಈಗಲೂ ಅಂಗಡಿ ಹಿಟ್ಟು ಮುಟ್ಟುವುದಿಲ್ಲ. ಹೊಸಪೇಟೆ ಕೆಲಸದ ಮಾತು ಸುಳ್ಳು ಅಂದೆ. "ಹ್ಞೂಂ" ಅಂದರು. ಮೊರದಿಂದ ಕಣ್ಣು ತೆಗೆಯಲಿಲ್ಲ. ಬೆಳಗಾದರೆ ಮನೆ ಖಾಲಿ ಮಾಡು ಅನ್ನಬಹುದು. ಅನ್ನಲಿ, ಇನ್ನೊಂದು ಹುಡುಕುತ್ತೇನೆ. ಈ ಸಲ ಸುಳ್ಳು ಹೇಳದೆ ಹುಡುಕುತ್ತೇನೆ.

18 ಆಗಸ್ಟ್, ಸೋಮವಾರ, ಬೆಳಗ್ಗೆ

ಹಾಲಿಟ್ಟು ಕೂತಿದ್ದೇನೆ. ಕೆಳಗೆ ಬೈರಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದಾರೆ.

ಗೇಟಿನ ಸದ್ದು. ಅವನೇ. ದನಿ ಕೇಳುತ್ತಿದೆ. ಪೆನ್ನು ಬಿಟ್ಟರೆ ಎದ್ದು ಓಡಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

"ನಾ ಆಕಿ ಗಂಡ ಅದೀನ್ರಿ."

"ಇದ್ಕೋ. ಅದ್ಕೇನೀಗ?"

ಮತ್ತೇನೋ ಅಂದ. ಅಳುವ ದನಿ ಮತ್ತೆ ಶುರು. ಬಿಂದಿಗೆ ಕುಕ್ಕಿದ ಶಬ್ದ. ಬೈರಮ್ಮ ಮೇಲಕ್ಕೆ ಕೂಗುತ್ತಿದ್ದಾರೆ:

"ವಿಜೀ! ಯಾವನೋ ಬಂದವ್ನೆ, ನಿನ್ ಗಂಡ ಅಂತಾನೆ. ಒಳೀಕ್ ಬಿಡ್ಲೋ ಬ್ಯಾಡ್ವೋ? ನೀನೇಳವ್ವ!"

'ನೀನು ಹೇಳು.' ಇಷ್ಟು ವರ್ಷದಲ್ಲಿ ನನ್ನನ್ನು ಕೇಳಿದವರು ಇವರೊಬ್ಬರೇ. ಕಣ್ಣು ಮಂಜಾಗುತ್ತಿದೆ, ಅಕ್ಷರ ಕಾಣುತ್ತಿಲ್ಲ. ಅಳು ಆಮೇಲೆ. ಬಾಲ್ಕನಿಗೆ ಹೋಗುತ್ತೇನೆ. ಬಿಡಬ್ಯಾಡ್ರಿ ಅಂತ ಇಡೀ ಬೀದಿಗೆ ಕೇಳುವ ಹಾಗೆ ಹೇಳುತ್ತೇನೆ. ಹಾಲು ಉಕ್ಕುತ್ತಿದೆ, ಉಕ್ಕಲಿ—