ಮದುವೆಯ ವೇದಿಕೆಯಲ್ಲಿ ನನಗೆ ಸಿಕ್ಕ ನಿವೃತ್ತಿ

ಮಾನ್ಯ ಜಿಮ್ನಾಸ್ಟಿಕ್ಸ್ ಒಕ್ಕೂಟದ ಅಧ್ಯಕ್ಷರೇ,

ನನ್ನ ಮದುವೆಗೆ ಬಂದು, ಮೈಕು ಹಿಡಿದು, ನನ್ನನ್ನು ಒಂದು ಮಾತೂ ಕೇಳದೆ ನನಗೆ ನಿವೃತ್ತಿ ಕೊಟ್ಟು, ಊಟ ಮಾಡಿ ಹೋದಿರಿ. ನನ್ನ ದೂರು ಇಷ್ಟೇ. ಊಟದ ಬಗ್ಗೆ ತಕರಾರಿಲ್ಲ. ಎರಡನೇ ಸಲ ಬಡಿಸಿಕೊಂಡಿರೆಂದು ಕೇಳಿ ಸಂತೋಷವೇ ಆಯಿತು. ಆದರೆ ಮುಂದಿನ ತಿಂಗಳು ರಾಷ್ಟ್ರೀಯ ತಂಡದ ಆಯ್ಕೆ ಸ್ಪರ್ಧೆ ಇದೆ. ಅಲ್ಲಿ ಬೀಮ್ ಎಂಬ ಸಪೂರ ಹಲಗೆ ಹತ್ತಬೇಕಾದ ನಾನು ಈಗ ನಿಮ್ಮ ಪ್ರಕಾರ ಮಾಜಿ. ಖಾಸಗಿಯಾಗಿ ಬರೆದದ್ದಕ್ಕೆ ನಿಮ್ಮಿಂದ ಉತ್ತರ ಬರಲಿಲ್ಲವಾದ್ದರಿಂದ ಎಲ್ಲರೂ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ. ನೀವು ಓದದಿದ್ದರೂ ನಿಮ್ಮ ಪಕ್ಕದ ಮನೆಯವರು ಓದಿ ಹೇಳುತ್ತಾರೆ.

ಮರೆತಿದ್ದರೆ ನೆನಪಿಸುತ್ತೇನೆ. ನಾವಿಬ್ಬರೂ ವೇದಿಕೆಯ ಮೇಲೆ ನಿಂತು, ಬಂದವರಿಗೆಲ್ಲ ನಕ್ಕು ನಕ್ಕು ದವಡೆ ನೋಯುತ್ತಿದ್ದ ಹೊತ್ತು. ನೀವು ಬಂದು ಗೋಡೆ ಗಡಿಯಾರ ಕೊಟ್ಟಿರಿ, ಫೋಟೋಗೆ ನಿಂತಿರಿ. ಅದು ನಿಮ್ಮ ಕಚೇರಿಯಲ್ಲಿ ನಿವೃತ್ತರಾದವರಿಗೆ ಕೊಡುವ ಗಡಿಯಾರ ಎಂಬುದು ನನಗೆ ಆಮೇಲೆ ತಿಳಿಯಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹಾಡುವವರ ಮೈಕು ನಿಮ್ಮ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು, ಮೈಕು ಕಂಡರೆ ನೀವು ಬೆಲ್ಲ ಕಂಡ ಇರುವೆ. “ನಮ್ಮ ಹುಡುಗಿ ಹದಿನೆಂಟು ವರ್ಷ ದೇಶಕ್ಕಾಗಿ ಹಾರಿದಳು, ನೆಗೆದಳು. ಇನ್ನು ಸಂಸಾರ ಅನ್ನೋ ಬೀಮ್ ಮೇಲೆ ನಡೀತಾಳೆ. ಕ್ರೀಡೆಗೆ ವಿದಾಯ ಹೇಳ್ತಿರೋ ಈ ಮಗಳಿಗೆ ಒಂದು ಚಪ್ಪಾಳೆ!” ಎಂದಿರಿ. ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ನಾನು ಬೆನ್ನು ಸೆಟೆದು, ಎರಡೂ ಕೈ ಮೇಲೆತ್ತಿ, ಹಲ್ಲು ಕಾಣುವಂತೆ ನಕ್ಕೆ.

ಅದೇ ನನ್ನ ಒಪ್ಪಿಗೆಯಂತೆ.

ಮಾನ್ಯರೇ, ಇದನ್ನು ಒಕ್ಕೂಟದ ಅಧ್ಯಕ್ಷರಿಗೇ ವಿವರಿಸಬೇಕಾಗಿ ಬಂದದ್ದು ನನ್ನ ಹಣೆಬರಹ. ಜಿಮ್ನಾಸ್ಟ್ ಆದವಳು ನೆಲಕ್ಕಿಳಿದ ಕೂಡಲೇ ಎರಡು ಕೈ ಎತ್ತಿ ತೀರ್ಪುಗಾರರತ್ತ ನಗಬೇಕು. ಚೆನ್ನಾಗಿ ಇಳಿದರೂ ಅಷ್ಟೇ, ಮುಗ್ಗರಿಸಿದರೂ ಅಷ್ಟೇ. ಎಂಟನೇ ವಯಸ್ಸಿನಲ್ಲಿ, ಸೀಮೆಸುಣ್ಣದ ಪುಡಿ ಮತ್ತು ಬೆವರು ಕುಡಿದ ಹಾಸುಗಳ ವಾಸನೆಯ ಹಾಲ್‌ನಲ್ಲಿ, ನಮ್ಮ ಕೋಚ್ ಮೇಡಂ ಇದನ್ನು ನನ್ನ ಮೂಳೆಗೇ ಇಳಿಸಿದರು. ಒಮ್ಮೆ ಹಿಡಿದು ತೂಗುವ ಬಾರ್‌ನಿಂದ ಕೈ ಜಾರಿ ಬಿದ್ದು, ಕಾಲ್ಬೆರಳು ಮುರಿದುಕೊಂಡು ಅಳುತ್ತಾ ಕೂತಿದ್ದೆ. ಮೇಡಂ ಓಡಿ ಬಂದರು. “ಅಳ್ಬೇಡ ಅನ್ನಲ್ಲ ಕಣೇ, ಅಳು. ಆದ್ರೆ ಮೊದ್ಲು ಎದ್ದು ಕೈ ಎತ್ತು, ಆಮೇಲೆ ಅಳು,” ಎಂದರು. ಎತ್ತಿದೆ. ಆವತ್ತಿನಿಂದ ಈ ಕೈಗಳು ನನ್ನ ಮಾತು ಕೇಳುವುದಿಲ್ಲ. ಚಪ್ಪಾಳೆ ಬಿದ್ದರೆ ಏಳುತ್ತವೆ, ಎಲ್ಲಿಂದ ಕೆಳಗಿಳಿದರೂ ಏಳುತ್ತವೆ. ಬಸ್ಸಿಳಿದು ಕೈ ಎತ್ತಿ ನಿಂತವಳನ್ನು ನೋಡಿ ಕಂಡಕ್ಟರ್ “ಏನ್ ಬಿಟ್ರಿ ಮೇಡಂ ಒಳಗೆ?” ಎಂದು ಗಾಬರಿಯಾಗಿ ಬಸ್ ನಿಲ್ಲಿಸಿದ್ದುಂಟು. ಹಲ್ಲು ಕೀಳಿಸಿಕೊಂಡು ಕುರ್ಚಿಯಿಂದ ಇಳಿದವಳು ಬಾಯಿ ತುಂಬ ಹತ್ತಿ ಇಟ್ಟುಕೊಂಡೇ ದಂತವೈದ್ಯರಿಗೆ ಕೈ ಎತ್ತಿ ನಕ್ಕಿದ್ದೇನೆ. ಪಾಪ, ಅವರೂ ಎತ್ತಿದರು. ನಿಮ್ಮ ಭಾಷಣಕ್ಕೆ ಕೈ ಎತ್ತಿದ್ದು ಒಪ್ಪಿಗೆಯಾದರೆ, ಆ ವೈದ್ಯರಿಗೆ ನನ್ನ ಮಿಕ್ಕ ಹಲ್ಲುಗಳನ್ನೂ ಬರೆದುಕೊಟ್ಟ ಹಾಗಾಯಿತಲ್ಲವೇ?

ನನ್ನ ಗಂಡನ ವಿಷಯವನ್ನೂ ಹೇಳಿಬಿಡುತ್ತೇನೆ, ಅದರಲ್ಲಿ ನಿಮ್ಮ ಪಾತ್ರವೂ ಇದೆ. ಅವನು ಲಿಫ್ಟ್ ಮೆಕ್ಯಾನಿಕ್. ನಿಮ್ಮ ಕಚೇರಿಯ ಲಿಫ್ಟ್ ಅಷ್ಟು ಸಲ ಕೆಡದೇ ಇದ್ದಿದ್ದರೆ ನನಗೆ ಮದುವೆಯೇ ಆಗುತ್ತಿರಲಿಲ್ಲ. ಬೆಳಗ್ಗೆ ತರಬೇತಿ, ಸಂಜೆ ತರಬೇತಿ, ನಡುವೆ ಮಂಡಿಗೆ ಐಸ್ ಚೀಲ ಕಟ್ಟಿಕೊಂಡು ಮಲಗುವುದು, ತೂಕದ ಯಂತ್ರಕ್ಕೆ ಹೆದರಿಕೊಂಡು ಉಣ್ಣುವುದು. ಇಂಥ ಬಾಳಿನಲ್ಲಿ ಹುಡುಗರನ್ನು ಎಲ್ಲಿ ನೋಡುವುದು? ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದಾಗ ಮಾತ್ರ. ನನ್ನನ್ನು ಹಾಗೆ ನಾಲ್ಕನೆಯ ಸಲವೋ ಐದನೆಯ ಸಲವೋ ಕೆಳಗಿಳಿಸಿದ ಗಳಿಗೆಯಲ್ಲೇ ಅವನು “ಮದುವೆ ಆಗೋಣ್ವಾ?” ಎಂದು ಕೇಳಿದ್ದು. ನಾನು ಎಂದಿನಂತೆ ಕೈ ಎತ್ತಿ ನಿಂತೆ. ಅವನು ನಿಮ್ಮ ಹಾಗಲ್ಲ. “ಇದು ಹೂಂ ಅಂತಾನಾ, ಊಹೂಂ ಅಂತಾನಾ? ಬಾಯ್ಬಿಟ್ಟು ಹೇಳು ತಾಯಿ,” ಎಂದ. ಮದುವೆಯಾಗುವಾಗ ಹೆಣ್ಣನ್ನು ಒಂದು ಮಾತು ಕೇಳುತ್ತಾರೆ, ನಿವೃತ್ತಿ ಕೊಡುವಾಗ ಅಷ್ಟೂ ಬೇಡವೇ?

ಇನ್ನೊಂದು ಸಂಶಯ. ಅದೇ ದಿನ, ಅದೇ ವೇದಿಕೆಯಲ್ಲಿ ಅವನಿಗೂ ಮದುವೆಯಾಯಿತು; ನಾನು ಕಣ್ಣಾರೆ ನೋಡಿದ್ದೇನೆ. ಅವನನ್ನೇಕೆ ಲಿಫ್ಟುಗಳಿಂದ ನಿವೃತ್ತಿಗೊಳಿಸಲಿಲ್ಲ? ಮರುವಾರವೇ ನಿಮ್ಮವರು ಫೋನ್ ಮಾಡಿ ಕರೆಸಿಕೊಂಡರು. ಅವನು ಒಳಗೆ ಸ್ಕ್ರೂ ಬಿಗಿಯುತ್ತಿದ್ದಾಗ, ಪಕ್ಕದ ತರಬೇತಿ ಹಾಲ್‌ನ ಬಾಗಿಲಲ್ಲಿ ಕಾವಲುಗಾರರು ನನ್ನನ್ನು ತಡೆದು, “ರಿಟೈರ್ ಆದ್ರಂತೆ, ಒಳ್ಳೇದಾಯ್ತಮ್ಮ, ಇನ್ನಾದ್ರೂ ಹೊಟ್ಟೆ ತುಂಬ ಊಟ ಮಾಡಿ,” ಎಂದು ಹರಸಿ ಕಳಿಸಿದರು. ನನ್ನ ನಿವೃತ್ತಿ ಜಾರಿಗೆ ಬಂದಿದೆಯೆಂದು ನನಗೆ ಗೊತ್ತಾದದ್ದು ಹೀಗೆ.

ನಿಮ್ಮ ಕಾರ್ಯದರ್ಶಿಗಳ ಬಳಿ ಹೋದೆ. ಅವರು ಮದುವೆಯ ವಿಡಿಯೊ ತೆರೆದು, ಸರಿಯಾಗಿ ಅಲ್ಲಿಗೇ ನಿಲ್ಲಿಸಿ ತೋರಿಸಿದರು.

“ನೋಡಿ, ಎಷ್ಟು ಖುಷಿಯಾಗಿ ಕೈ ಎತ್ತಿದೀರ. ಯಾರೂ ಬಲವಂತ ಮಾಡಿಲ್ವಲ್ಲ?”

“ಅದು ಜಿಮ್ನಾಸ್ಟಿಕ್ಸ್ ಅಭ್ಯಾಸ ಸರ್.”

“ರಿಟೈರ್ ಆದ್ಮೇಲೂ ಅಭ್ಯಾಸ ಯಾಕೆ ಇಟ್ಕೊಂಡ್ರಿ?”

ನಾನು ಕುರ್ಚಿ ಎಳೆದುಕೊಂಡು ಅಲ್ಲೇ ಕೂತೆ. ಕೊನೆಗೆ ಅವರೇ ಕನಿಕರಪಟ್ಟು ದಾರಿ ತೋರಿಸಿದರು. “ಹೋಗ್ಲಿ, ನಿಮ್ಮ ಅತ್ತೆಯವರ ಕೈಲಿ ಒಂದು ಮಾತು ಹೇಳ್ಸಿ. ಮನೆಯವರ ಒಪ್ಪಿಗೆ ಇದ್ರೆ ನೋಡೋಣ.”

ನನ್ನ ಅತ್ತೆ ಟೆಲಿಫೋನ್ ಆಪರೇಟರ್ ಆಗಿದ್ದವರು. ಮದುವೆ ಗೊತ್ತಾದಾಗಿನಿಂದ ಟೀವಿಯಲ್ಲಿ ಜಿಮ್ನಾಸ್ಟಿಕ್ಸ್ ನೋಡಿ ನೋಡಿ ಈಗ ತೀರ್ಪುಗಾರಿಕೆಯನ್ನೂ ಶುರುಮಾಡಿದ್ದಾರೆ. ನಾನು ಟೀ ತಂದಿಟ್ಟರೆ, “ಲ್ಯಾಂಡಿಂಗ್‌ನಲ್ಲಿ ಕಪ್ ಅಲ್ಲಾಡ್ತು, ಅರ್ಧ ಅಂಕ ಕಟ್,” ಎನ್ನುತ್ತಾರೆ. ಮಗ ತಂದಿಟ್ಟರೆ ನೋಡದೆಯೇ ಸೊನ್ನೆ. ಅಲ್ಲೇ ಕೂತು ಅವರಿಗೆ ಫೋನ್ ಮಾಡಿ, ಕಾರ್ಯದರ್ಶಿಗಳಿಗೂ ಕೇಳಿಸುವಂತೆ ಮೇಜಿನ ಮೇಲಿಟ್ಟೆ.

“ನನ್ನ ಒಪ್ಪಿಗೆ ಯಾಕ್ರೀ? ಬೀಮ್ ಹತ್ತೋದು ನಾನಲ್ವಲ್ಲ,” ಎಂದರು ಅತ್ತೆ.

“ಹಾಗಲ್ಲಮ್ಮ, ಮನೆ ಕೆಲಸಕ್ಕೆ ತೊಂದರೆ ಆಗ್ಬಾರ್ದು ನೋಡಿ...”

“ಮನೆ ಕೆಲಸ ನನ್ನ ಮಗ ಕಲೀತಿದಾನೆ. ಅದಿರ್ಲಿ, ನಿಮ್ಮ ಮನೇಲಿ ಯಾರು ಮಾಡ್ತಾರೆ? ಅವರ ಒಪ್ಪಿಗೆ ತಗೊಂಡು ಆಫೀಸಿಗೆ ಬಂದ್ರಾ ಇವತ್ತು?”

ಕಾರ್ಯದರ್ಶಿಗಳು ಧ್ವನಿ ಸರಿಯಾಗಿ ಕೇಳಿಸುತ್ತಿಲ್ಲವೆಂದರು. ಊರವರ ಕರೆಗಳನ್ನೆಲ್ಲ ಜೋಡಿಸಿದ ಅತ್ತೆಗೆ ಈ ನೆಪ ಹೊಸದೇ? ಇನ್ನೂ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಮತ್ತೊಮ್ಮೆ ಹೇಳಿದರು. ಪಕ್ಕದ ಕೋಣೆಯವರೂ ಬಂದು ಬಾಗಿಲಲ್ಲಿ ನಿಂತು ಕೇಳಿದರು. ಇಷ್ಟಾದರೂ ಅನುಮತಿ ಸಿಗಲಿಲ್ಲ. ಅಧ್ಯಕ್ಷರು ನಾಲ್ಕು ಜನರ ಮುಂದೆ ಆಡಿದ ಮಾತನ್ನು ಅಧ್ಯಕ್ಷರೇ ಹಿಂತೆಗೆದುಕೊಳ್ಳಬೇಕಂತೆ.

ವಯಸ್ಸಿನ ಮಾತು ಎತ್ತುತ್ತೀರೆಂದು ಗೊತ್ತು. ನನಗೆ ಇಪ್ಪತ್ತಾರು. ಹಾಲ್‌ನ ಪುಟ್ಟ ಹುಡುಗಿಯರು ನನ್ನನ್ನು ‘ಅಜ್ಜಿ’ ಎನ್ನುತ್ತಾರೆ. ತವರಿಗೆ ಹೋದರೆ ಅಮ್ಮ ಇನ್ನೂ “ಅದು ಮಗು, ಅದಕ್ಕೇನು ಗೊತ್ತಾಗುತ್ತೆ” ಎನ್ನುತ್ತಾಳೆ. ನೀವು ಎಪ್ಪತ್ತು ದಾಟಿಯೂ ನಾಲ್ಕನೇ ಅವಧಿಗೆ ಅದೇ ಕುರ್ಚಿಯಲ್ಲಿದ್ದೀರಿ. ನನಗೆ ಆಕ್ಷೇಪವಿಲ್ಲ, ಮೆಚ್ಚುಗೆಯಿದೆ. ಅಂಥ ಹಿಡಿತ ನನಗಿದ್ದಿದ್ದರೆ ಬಾರ್‌ನಿಂದ ಯಾಕೆ ಜಾರುತ್ತಿದ್ದೆ?

ಈಗ ತಮಾಷೆ ಬಿಟ್ಟು ಒಂದು ಮಾತು. ಚಿಕ್ಕವಳಿದ್ದಾಗ ನಾನು ಹಾರುತ್ತಿದ್ದುದು ಭಯಕ್ಕೆ. ಮೇಡಂ ಬೈಯುತ್ತಾರೆ, ಪದಕ ಬರದಿದ್ದರೆ ಮನೆಯಲ್ಲಿ ಎಲ್ಲರ ಮುಖ ಬಾಡುತ್ತದೆ ಎಂಬ ಭಯ. ಪದಕಗಳು ಬಂದವು, ನೀವು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡಿರಿ. ಆ ದಿನಗಳ ಒಂದು ನೆಗೆತವೂ ನನಗೆ ನೆನಪಿಲ್ಲ. ಕಳೆದ ವರ್ಷದಿಂದ ಏನೋ ಬದಲಾಗಿದೆ. ಅಂಗೈ ಅಗಲದ ಆ ಹಲಗೆಯ ಮೇಲೆ ಹಿಂದಕ್ಕೆ ಪಲ್ಟಿ ಹೊಡೆದು ಪಾದ ಊರಿದಾಗ, ಮೊಟ್ಟಮೊದಲ ಬಾರಿಗೆ ನನಗೆ ಖುಷಿಯಾಗುತ್ತಿದೆ. ಈ ಆಟ ನನಗೆ ಇಷ್ಟ ಎಂದು ತಿಳಿಯಲು ಇಷ್ಟು ವರ್ಷ ಬೇಕಾಯಿತು. ತಿಳಿದ ವರ್ಷವೇ ನೀವು ಬಾಗಿಲು ಹಾಕಿದಿರಿ, ಅದಕ್ಕೆ ನಾನು ನಿಜವಾಗಿ ಅತ್ತಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ ಇದು: ಕೊಟ್ಟ ನಿವೃತ್ತಿಯನ್ನು ಹಿಂತೆಗೆದುಕೊಳ್ಳಿ, ಆಯ್ಕೆ ಸ್ಪರ್ಧೆಗೆ ನನ್ನನ್ನು ಬಿಡಿ. ತಂಡದಲ್ಲಿ ಜಾಗ ಕೊಡಿ ಎಂದು ಕೇಳುತ್ತಿಲ್ಲ. ಆ ಪುಟ್ಟ ಹುಡುಗಿಯರು ನನಗಿಂತ ಚೆನ್ನಾಗಿ ಮಾಡಿದರೆ ಅವರೇ ಹೋಗಲಿ, ನಾನೇ ಅವರ ಚೀಲ ಹೊತ್ತು ಬಸ್ ಹತ್ತಿಸುತ್ತೇನೆ. ಬೀಮ್‌ನಿಂದ ಬಿದ್ದವಳಿಗೂ ಮತ್ತೆ ಹತ್ತಲು ಹತ್ತು ಸೆಕೆಂಡು ಕೊಡುವ ಆಟ ನಮ್ಮದು. ನಾನು ಬಿದ್ದೇ ಇಲ್ಲ, ಮಾನ್ಯರೇ. ನೀವು ಇಳಿಸಿದ್ದು.

ಇಂತಿ,
ನಿಮ್ಮ ಲೆಕ್ಕದಲ್ಲಿ ಮಾಜಿ, ನನ್ನ ಲೆಕ್ಕದಲ್ಲಿ ಹಾಲಿ,
ಸದ್ಯ ಮನೆಯ ಕಾಂಪೌಂಡ್ ಗೋಡೆಯ ಮೇಲೆ ಅಭ್ಯಾಸ ನಡೆಸುತ್ತಿರುವ ಜಿಮ್ನಾಸ್ಟ್