ಎಡಗಾಲಿಗೆ ಸಿಕ್ಕ ಕೆಲಸ

ತಾರೀಖು ಹದಿನಾಲ್ಕು, ಭಾನುವಾರ

ನನ್ನ ಮುದ್ದಿನ ಕತ್ತೆಗೆ,

ಇಬ್ಬರು ಆಳು ಎತ್ತಬೇಕಾದ ಗೇರ್ ಬಾಕ್ಸನ್ನು ಲಾರಿಗೆ ಹಾಕಿ ಕಳಿಸಲು ನಿನಗೆ ಪುರುಸೊತ್ತಿತ್ತು. ಅದರ ಜೊತೆ ಅಜ್ಜಿಗೆ ಎರಡು ಸಾಲು ಬರೆದಿಡಲು ಕೈಗೆ ಲಕ್ವ ಹೊಡೆದಿತ್ತೇ? ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ತಾತನ ಕಾರಿಗೆ ಹೊಂದುವ, ಕೈಯಲ್ಲಿ ಬದಲಿಸುವ ಗೇರು ಹುಡುಕುವ ಮೊಮ್ಮಗಳಿಗೆ ಅಂಚೆಪೆಟ್ಟಿಗೆ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ನಾನೂ ತಡಮಾಡಿದೆ, ನಿಜ. ನನ್ನದು ನಾಲ್ಕನೇ ಕ್ಲಾಸಿನ ಓದು. ಅಕ್ಷರ ಕೂಡಿಸುವಷ್ಟರಲ್ಲಿ ಒಲೆಯ ಮೇಲಿನದು ಸೀದುಹೋಗುತ್ತದೆ. ನಿನಗೇನು ಧಾಡಿ?

ಇಲ್ಲಿ ಎಲ್ಲರೂ ಕ್ಷೇಮ. ನಿನ್ನಪ್ಪನ ಸಿಡುಕೂ ಕ್ಷೇಮ. ಗೇರ್ ಬಾಕ್ಸ್ ಇಳಿಸುವಾಗಲೇ "ಮರೆವಿನ ಮನುಷ್ಯನಿಗೆ ಇದೊಂದು ಕೇಡು" ಎಂದು ಗೊಣಗಿದ. ಆಮೇಲೆ, "ಹಾಕ್ಲಿ ಬಿಡಮ್ಮ, ಮೂರು ಪೆಡಲ್ ನೋಡಿದ್ರೆ ಅಪ್ಪನೇ ಹೆದರಿ ಕೀ ಕೇಳೋದು ಬಿಡ್ತಾರೆ" ಅಂದ. ಅವನಿಗೆ ತನ್ನಪ್ಪ ಗೊತ್ತಿಲ್ಲ.

ತಾನೇ ಗೇರು ಬದಲಿಸಿಕೊಳ್ಳುವ ಆ ದೊಡ್ಡ ಕಾರು ಯಾವುದೋ ಸಾಹುಕಾರರ ಮನೆಯಲ್ಲಿ ಮೆರೆದು ಹಳತಾದ ಮೇಲೆ ನಮ್ಮ ಮನೆಗೆ ಬಂತು. ಅದಕ್ಕೆ ಮುಂಚೆ ತಾತ ಆಯುಸ್ಸಿಡೀ ಬಾಡಿಗೆ ಕಾರು ಓಡಿಸಿದವರು. ಮರೆವು ಬಂದದ್ದೇ ತಡ, ಕಡೆಗೆ ಕಲಿತದ್ದೇ ಮೊದಲು ಹೋಯಿತು. ಕ್ಲಚ್ಚೆಂದು ಎಡಗಾಲಲ್ಲಿ ಬ್ರೇಕನ್ನೇ ತುಳಿಯುವರು, ಕಾರು ಗಕ್ಕನೆ ನಿಲ್ಲುವುದು, ಪಕ್ಕದಲ್ಲಿ ಕೂತ ನನ್ನ ಹಣೆ ಮುಂದೆ ಬಡಿಯುವುದು. ನಿನ್ನಪ್ಪ ಕೀ ಬಚ್ಚಿಟ್ಟ. ಅಂದಿನಿಂದ ತಾತ ಕಿಟಕಿಯ ಪಕ್ಕ ಕೂತು ಎಡಗಾಲನ್ನು ನೆಲಕ್ಕೆ ಒತ್ತುವುದು, ಎತ್ತುವುದು, ಇಷ್ಟೇ. ಹೋದ ಸಲ ಬಂದಾಗ ನೀನೇ ನೋಡಿದೆಯಲ್ಲ.

ನಮ್ಮ ಬೀದಿಯ ಮೆಕ್ಯಾನಿಕ್ ಗ್ರೀಸಣ್ಣ ವಾರವಿಡೀ ಕಾರಿನ ಹೊಟ್ಟೆಯಡಿ ಮಲಗಿದ. ಲಿವರಿಗೆ ದಾರಿ ಬಿಡಲು ನೆಲದ ತಗಡು ಕೊಯ್ದ. ಅಗಲದ ಬ್ರೇಕ್ ಪೆಡಲ್ ಕತ್ತರಿಸಿ ಪಕ್ಕದಲ್ಲಿ ಕ್ಲಚ್ ಕೂರಿಸಿದ. ಎಲ್ಲ ಮುಗಿಸಿ ಕೀ ತಿರುಗಿಸಿದರೆ ಕಾರು ಕೆಮ್ಮಲೂ ಇಲ್ಲ.

"ಹಳೇ ಗೇರಿಂದ 'ನಿಂತಿದೀನಿ, ಹೊರಡು' ಅಂತ ತಂತೀಲಿ ಸುದ್ದಿ ಬಂದ್ರೇನೇ ಇದು ಸ್ಟಾರ್ಟ್ ಆಗೋದು ಅಜ್ಜಿ. ಆ ಗೇರು ನೋಡಿದ್ರೆ ಮೂಲೇಲಿ ಬಿದ್ದಿದೆ."

"ಸತ್ತ ಅತ್ತೆ ಅಪ್ಪಣೆಗೆ ಕಾಯೋ ಸೊಸೆ ಆಯ್ತಲ್ಲೋ ಇದು" ಅಂದೆ. ನಗುತ್ತ ಎರಡು ತಂತಿ ಕೂಡಿಸಿದ, ಗುರ್ರೆಂದಿತು.

ನಿನ್ನೆ ಬೆಳಿಗ್ಗೆ ಮುಚ್ಚಿದ ಗಿರಣಿಯ ಖಾಲಿ ಅಂಗಳಕ್ಕೆ ಹೋದೆವು. ನಿನ್ನಪ್ಪ ಗೇಟು ಹಾಕಿ, ತಾತನಿಗೆ ಸೀಟು ಬಿಟ್ಟು, ಕೈಬ್ರೇಕ್ ಹಿಡಿದು ಪಕ್ಕದಲ್ಲಿ ಕೂತ. ನಾನು ಹಿಂದೆ. ತಾತನ ಎಡಗಾಲು ಒತ್ತಿತು, ಕೈ ತಾನಾಗಿಯೇ ಲಿವರಿಗೆ ಹೋಯಿತು. ಒಂದು, ಎರಡು, ಮೂರು, ಬೆಣ್ಣೆಯಿಂದ ಕೂದಲು ತೆಗೆದಂತೆ. ಮೊನ್ನೆ ತಾನೇ ತಾತನಿಂದ "ಯಾರಪ್ಪ ನೀನು" ಎಂದು ಕೇಳಿಸಿಕೊಂಡಿದ್ದ ನಿನ್ನಪ್ಪ ಆ ಕಡೆ ತಿರುಗಿ ಕಣ್ಣೊರೆಸಿಕೊಂಡ.

ನನಗೆ ನನ್ನ ಹತ್ತೊಂಬತ್ತನೇ ವಯಸ್ಸು ನೆನಪಾಯಿತು. ಬಸ್ಸು ತಪ್ಪಿ, ಬಾಣಂತಿ ಅಕ್ಕನನ್ನು ನೋಡಲು ಬಾಡಿಗೆ ಕಾರು ಹತ್ತಿದ್ದೆ. ತೊಡೆಯ ಮೇಲೆ ಕಂಠಮಟ್ಟ ತುಂಬಿದ ಹಾಲಿನ ತಪ್ಪಲೆ. ಸೇತುವೆಯ ಏರಿನಲ್ಲಿ ಡ್ರೈವರು ಗೇರು ಬದಲಿಸಿದರೂ ತೊಟ್ಟು ಹಾಲು ತುಳುಕಲಿಲ್ಲ. ಇಂಥವನು ಸಂಸಾರವನ್ನೂ ತುಳುಕಿಸಲಾರ ಅಂದುಕೊಂಡೆ. ತುಳುಕಿಸಲಿಲ್ಲ.

ನಿನ್ನ ಉಪಾಯ ಫಲಿಸಿತು, ಜಾಣೆ. ಹಿಡಿದ ಕೆಲಸವೆಲ್ಲ ಹೀಗೇ ಕೈಗೂಡಲಿ. ನೂರು ವರ್ಷ ಬಾಳು, ನಡುನಡುವೆ ತಲೆ ಬಾಚಿಕೋ.

ಇತಿ,
ನಿನ್ನ ಬಾಯಿಬಡುಕಿ ಅಜ್ಜಿ

ತಾ.ಕ.: ಇದು ನಿನ್ನಪ್ಪನಿಗೆ ಗೊತ್ತಿಲ್ಲ. ಅವನು ಕೀ ಕಿತ್ತುಕೊಂಡು ಗೇಟು ತೆರೆಯಲು ಇಳಿದಾಗ ತಾತ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಯಾರನ್ನು ಮರೆತರೂ ನನ್ನನ್ನು ಮರೆತಿರಲಿಲ್ಲ; ಬೆಳಿಗ್ಗೆಯೂ "ಏನೇ, ನನ್ನ ಚಪ್ಪಲಿ ಎಲ್ಲಿಟ್ಟೆ" ಎಂದು ಗದರಿದ್ದರು. ಈಗ, "ತಾವು ಎಲ್ಲಿಗೆ ಹೋಗ್ಬೇಕಮ್ಮ?" ಅಂದರು.

"ಸೇತುವೆ ಆಚೆ, ನಮ್ಮಕ್ಕನ ಮನೆಗೆ" ಅಂದೆ. ಇನ್ನೇನು ಹೇಳಲಿ?

"ಏರು ಬರುತ್ತೆ. ಹಾಲು ಗಟ್ಟಿಯಾಗಿ ಹಿಡ್ಕೊಳ್ಳಿ" ಅಂದರು. ಬರಿಯ ತೊಡೆಯ ಮೇಲೆ ಎರಡೂ ಕೈ ಇಟ್ಟು ಹಿಡಿದುಕೊಂಡೆ.

ಇನ್ನು ತಿಂಗಳಿಗೊಮ್ಮೆ ಕರೆದೊಯ್ಯುತ್ತೇನೆ ಎಂದಿದ್ದಾನೆ ನಿನ್ನಪ್ಪ. ಮುಂದಿನ ಸಲ ಮುಂದೆ ಹೆಂಡತಿಯಾಗಿ ಕೂರಲೋ, ಹಿಂದೆ ಆ ಹುಡುಗಿಯಾಗಿ ಕೂರಲೋ ನನಗೆ ತಿಳಿಯುತ್ತಿಲ್ಲ. ಯೋಚಿಸಿ ಬರೆ. ಮುಂದಿನ ತಿಂಗಳು ಹುಟ್ಟುವ ಮೊದಲು ನಿನ್ನ ಕಾಗದ ನನ್ನ ಕೈಯಲ್ಲಿರಬೇಕು.