ಬಾಕಿ ನಾನೂರ ಹನ್ನೆರಡು ಫೋಟೋ

ಮನೆ, ಅಡುಗೆಮನೆಯ ಮೇಜು
ಅಕ್ಟೋಬರ್ ೯, ಗುರುವಾರ ಮಧ್ಯಾಹ್ನ

ಪ್ರೀತಿಯ ತಮ್ಮ ಮೊಳೆ,

ಹೇಗಿದ್ದೀಯೋ? ಹಡಗಿನ ಅಡುಗೆಯವನ ಕೈರುಚಿ ಸುಧಾರಿಸಿತೇ, ಇಲ್ಲ ಈಗಲೂ ಬಿಸ್ಕತ್ತಿನ ಮೇಲೇ ಬದುಕುತ್ತಿದ್ದೀಯಾ? ಬೆನ್ನುನೋವು ಹೇಗಿದೆ? ಎಂಜಿನ್ ಕೋಣೆಯ ಬಿಸಿಯಿಂದ ಬಂದವನು ಹಾಗೇ ಗಾಳಿಗೆ ಮೈಯೊಡ್ಡಿ ನಿಲ್ಲಬೇಡ. ನಾನು ಚೆನ್ನಾಗಿದ್ದೇನೆ. ಅಪ್ಪನ ವಿಷಯ ಬರೆಯಲೆಂದೇ ಕುಳಿತಿದ್ದೇನೆ, ಅದು ಮುಂದೆ ಬರುತ್ತದೆ. ನಾಲ್ಕು ತಿಂಗಳಿಂದ ನಿನ್ನ ಮೆಸೇಜಿಗೆಲ್ಲ ‘ಹ್ಞೂಂ’, ‘ಸರಿ’ ಎಂದಷ್ಟೇ ಹೇಳುತ್ತಿದ್ದ ಅಕ್ಕ ಇದ್ದಕ್ಕಿದ್ದಂತೆ ಕಾಗದ ಬರೆದಳೆಂದು ಗಾಬರಿಯಾಗಬೇಡ. ಗಾಬರಿಯಾಗಿರುವುದು ನನಗೆ.

ನಿನ್ನೆ ಲಾಂಡ್ರಿಗೆ ಒಬ್ಬರು ಬಿಳಿ ಕೋಟು ತಂದರು. ಬಟ್ಟೆ ಒಳಗೆ ತೆಗೆದುಕೊಳ್ಳುವ ಮೊದಲೇ ಕಲೆಗಳ ಫೋಟೋ ತೆಗೆದಿಡುವುದು ನನ್ನ ಅಭ್ಯಾಸ. ಇಲ್ಲದಿದ್ದರೆ ತಾವು ಚೆಲ್ಲಿಕೊಂಡ ಕಾಫಿಯನ್ನೂ ನಮ್ಮ ತಲೆಗೆ ಕಟ್ಟುತ್ತಾರೆ. ಫೋನು ಜಾಗವಿಲ್ಲ ಎಂದು ಮುಷ್ಕರ ಹೂಡಿತು. ಪಕ್ಕದ ಮೆಟ್ಟಿಲ ಕೆಳಗೆ ಮೊಬೈಲ್ ರಿಪೇರಿಯವಳು ಕೂರುತ್ತಾಳಲ್ಲ, ಅವಳ ಬಳಿ ಹೋದೆ. ಎಲ್ಲಾ ಕ್ಲೌಡಿನಲ್ಲಿದೆ, ಫೋನಿನಲ್ಲಿರುವುದನ್ನು ಅಳಿಸಿಬಿಡು ಎಂದೆ. ಪುಣ್ಯಾತ್ಗಿತ್ತಿ, ಅಳಿಸುವ ಮುಂಚೆ ಒಮ್ಮೆ ನೋಡಿದಳು. “ಏನಕ್ಕಾ ಅಳಿಸ್ಲಿ? ಮಾರ್ಚಿಂದ ಒಂದೇ ಒಂದು ಫೋಟೋನೂ ಹೋಗಿಲ್ಲ. ನಾನೂರ ಹನ್ನೆರಡು ಬಾಕಿ ಇದೆ ನೋಡಿ.” ವೈಫೈ ಸಿಕ್ಕರೆ ಮಾತ್ರ ಕಳಿಸು ಎಂದು ಯಾರೋ ಫೋನಿಗೆ ಹೇಳಿಟ್ಟಿದ್ದಾರಂತೆ. ಯಾರೋ ಏನು, ನೀನೇ! ಹಡಗು ಹತ್ತುವ ಹಿಂದಿನ ದಿನ ನಿನ್ನ ಖಾತೆಯನ್ನೇ ನನ್ನ ಫೋನಿಗೂ ಹಾಕಿ, “ನೀನ್ ಸುಮ್ನೆ ಫೋಟೋ ತೆಗೀತಾ ಇರು, ತಾನಾಗೇ ಹೋಗುತ್ತೆ, ನಾನು ಬಂದರಲ್ಲಿ ನೋಡ್ತೀನಿ, ನಿನ್ನ ಡೇಟಾ ಒಂದು ಚೂರೂ ಖರ್ಚಾಗಲ್ಲ” ಎಂದೆಯಲ್ಲ. ನಮ್ಮ ಮನೆಯಲ್ಲಿ ವೈಫೈ ಎಲ್ಲಿದೆಯೋ ಮಹಾರಾಯ? ಲಾಂಡ್ರಿಯಲ್ಲಿ ಎಲ್ಲಿದೆ? ಖರ್ಚಾಗಲಿಲ್ಲ ನಿಜ. ಏನೂ ಹೋಗಲೇ ಇಲ್ಲವಲ್ಲ.

ಅವಳ ಸ್ಟೂಲಿನ ಮೇಲೆ ಕುಸಿದು ಕೂತೆ. ಯಾಕೆಂದರೆ ಜೂನ್ ತಿಂಗಳಲ್ಲಿ ನೀನು ಕಳಿಸಿದ ಮೆಸೇಜು ನನಗೆ ಬಾಯಿಪಾಠವಾಗಿದೆ: “ಎಲ್ಲಾ ಫೋಟೋ ನೋಡಿದೆ ಅಕ್ಕಾ, ಸೂಪರಾಗಿವೆ. ಅಪ್ಪಂಗೆ ಹೇಳು, ನಾನು ಬರೋಷ್ಟರಲ್ಲಿ ನನ್ನ ಓದೋ ಮೇಜು ರೆಡಿ ಇರ್ಲಿ.” ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ಕಂಡಿದ್ದೆ. ಈಯಿತು ಎಂದು ಯಾರೂ ಹೇಳದಿದ್ದರೂ ಕಟ್ಟಿಬಿಟ್ಟವನು ನೀನೊಬ್ಬನೇ. ಏನು ನೋಡಿದೆಯೋ ನೀನು?

ಈಗ ಕೂತು ಓದು, ನಿಂತಿದ್ದರೆ. ಜೂನ್ ಆರಕ್ಕೆ ಕಾರ್ಖಾನೆಯ ಗರಗಸದ ಯಂತ್ರಕ್ಕೆ ಅಪ್ಪನ ಬಲಗೈ ಸಿಕ್ಕಿತು. ಮೂರು ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದಿವೆ. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಗಾಯ ಮಾಗಿದೆ, ಜೀವಕ್ಕೆ ಏನೂ ಭಯವಿಲ್ಲ, ಆಣೆ. ಆಸ್ಪತ್ರೆಯ ಮಂಚದ ಮೇಲಿಂದಲೇ ನನ್ನ ತಲೆಯ ಮೇಲೆ ಎಡಗೈ ಇಟ್ಟು ಮಾತು ತೆಗೆದುಕೊಂಡರು: “ಅವನಿಗೆ ಹೇಳ್ಬೇಡ. ನಡುನೀರಲ್ಲಿ ಇರೋನು, ಅಲ್ಲಿಂದ ಏನ್ ಮಾಡ್ತಾನೆ?” ಹೇಳಬೇಡ ಎಂದರು, ತೋರಿಸಬೇಡ ಎನ್ನಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಬ್ಯಾಂಡೇಜು ಸುತ್ತಿದ ಕೈಯ ಫೋಟೋ ತೆಗೆದೆ. ನೋಡಿದ ತಕ್ಷಣ ನೀನೇ ಕೇಳುತ್ತೀಯ, ಆಗ ಹೇಳಿದರೆ ಮಾತು ಮುರಿದ ಹಾಗಾಗುವುದಿಲ್ಲ ಎಂದು ನನ್ನ ಲೆಕ್ಕ. ನೀನು ಕೇಳಿದ್ದು ಮೇಜು.

ನನ್ನ ತಮ್ಮ ಕಲ್ಲಾಗಿಬಿಟ್ಟ ಎಂದುಕೊಂಡೆ. ನಾಲ್ಕು ತಿಂಗಳು ಹಾಗೇ ಅಂದುಕೊಂಡಿದ್ದೆ, ನಾಚಿಕೆಯಾಗುತ್ತದೆ. ಬಂದರಿನಲ್ಲಿ ಸಿಗುವ ಹತ್ತು ನಿಮಿಷದ ನೆಟ್ಟಿನಲ್ಲಿ ಯಾವ ಫೋಟೋನೂ ತೆರೆಯದೆ, ಅಕ್ಕನಿಗೆ ಬೇಜಾರಾಗಬಾರದೆಂದು ‘ನೋಡಿದೆ’ ಎಂದಿರುತ್ತೀಯ. ನಿನ್ನನ್ನು ಹುಟ್ಟಿದಾಗಿನಿಂದ ಕಂಡವಳು ನಾನು, ಇಷ್ಟು ಸಣ್ಣ ಸುಳ್ಳು ಹೊಳೆಯಲಿಲ್ಲ ನೋಡು. ನಿನ್ನದು ಒಂದು ತಪ್ಪು, ನನ್ನದು ಎರಡು. ಎರಡನೆಯದು ಏನೆಂದರೆ, ಸಿಟ್ಟಿನಲ್ಲಿ ಆ ಮೆಸೇಜನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ನಕ್ಕರು. ಮನೆಗೆ ಬಂದ ವಾರದಲ್ಲೇ ಹಿಂದಿನ ಕೋಣೆಯಲ್ಲಿ ಎಡಗೈಯಲ್ಲಿ ಉಳಿ ಹಿಡಿದು ನಿನ್ನ ಮೇಜಿಗೆ ಕೂತರು. ಮರ ಕೆಡಿಸುವುದು, ಬಯ್ಯುವುದು, ಮತ್ತೆ ಶುರು. ಮೂರು ಕಾಲು ಮುಗಿದಿವೆ. ಒಂದು ಗಿಡ್ಡ.

ನಿನ್ನೆ ರಿಪೇರಿಯವಳು ಫೋನನ್ನು ತನ್ನ ವೈಫೈಗೆ ಸೇರಿಸುತ್ತಿದ್ದ ಹಾಗೇ ಫೋಟೋಗಳು ಓಡತೊಡಗಿದವು, ಹೊಸದು ಮೊದಲು. ನೀನು ಯಾವುದೋ ಬಂದರಿನಲ್ಲಿ ಒಬ್ಬನೇ ನಿಂತು, ಕೋಟಿನ ಕಲೆಗಳ ನಡುವೆ ಆ ಕೈ ನೋಡುವುದು ಕಣ್ಣಿಗೆ ಕಟ್ಟಿತು. ಅವಳ ಕೈಯಿಂದ ಫೋನು ಕಸಿದುಕೊಂಡು ನಿಲ್ಲಿಸಿದೆ. ಅಷ್ಟರಲ್ಲಿ ಮೂವತ್ತೊಂಬತ್ತು ಹೋಗಿದ್ದವು. ಅವೆಲ್ಲ ಗಿರಾಕಿಗಳ ಕಲೆಗಳೇ. ಈ ಸಲ ನಿಜವಾಗಿಯೂ ನೋಡು! ಈ ಕಾಗದ ಕಂಪನಿಯ ಟಪಾಲಿನಲ್ಲಿ ಮುಂದಿನ ಬಂದರಿಗೆ ಬರುತ್ತದೆಯಂತೆ. ತಲುಪಿತೆಂದು ಒಂದು ಸಾಲು ಹಾಕು. ಆಮೇಲೆ ಅವಳ ಅಂಗಡಿಗೆ ಹೋಗಿ ಉಳಿದವನ್ನು ಕಳಿಸಿಬಿಡುತ್ತೇನೆ.

ಮೈ ನೋಡಿಕೋ, ಹೊತ್ತಿಗೆ ಸರಿಯಾಗಿ ತಿನ್ನು. ನಿನ್ನ ಮೇಲೆ ಈಗ ಎಳ್ಳಷ್ಟೂ ಕೋಪವಿಲ್ಲ. ನಿನಗೆ ನನ್ನ ಮೇಲೆ ಬಂದರೆ ನ್ಯಾಯವೇ, ಬಂದು ಎದುರಿಗೇ ಬಯ್ಯಿ.

ನೂರು ಕಾಲ ಚೆನ್ನಾಗಿರು ಎಂದು ಹರಸುವ
ನಿನ್ನ ಅಕ್ಕ

ಮರೆತೆ, ಅಂಚೆಯ ಹೊತ್ತಾಯಿತು: ಕಾಗದ ಮಡಿಸುವಾಗ ಅಪ್ಪ ಬಂದು, ಯಾರಿಗೆ ಎಂದರು. ಸುಳ್ಳು ಹೇಳಲಾಗಲಿಲ್ಲ. ಬಯ್ಯುತ್ತಾರೆಂದು ಕಾದೆ. ಲಕೋಟೆ ಕೇಳಿ ಒಳಗೆ ತೆಗೆದುಕೊಂಡು ಹೋದರು, ಮುಕ್ಕಾಲು ಗಂಟೆ ಹೊರಗೆ ಬರಲಿಲ್ಲ. ಮೇಲಿನ ವಿಳಾಸ ನೋಡಿ ಯಾವುದೋ ಮಗು ಗೀಚಿದೆ ಎಂದುಕೊಂಡಿರುತ್ತೀಯ. ಅದು ಅಪ್ಪನ ಎಡಗೈ ಅಕ್ಷರ. ಲಕೋಟೆ ಬಿಸಾಡಿದ್ದರೆ ಹೋಗಿ ಹೆಕ್ಕಿಕೋ. ರಜೆ ಕೇಳು, ಬಾ.